ಬ್ರೌಸರಿಗೆ ಬಂದ ಲೆಕ್ಕಪತ್ರವೂ ನಮ್ಮ ಗುಮಾಸ್ತರೂ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಚಾರವಾಗಿ ಲೇಖನ ಬರೆಯಹೊರಟರೆ ಇಂಜಿನಿಯರಿಂಗ್ ಓದುತ್ತಿರುವ ನನ್ನ ಗೆಳೆಯರು ನಗುವರೆಂಬುದನ್ನು ನಾನು ಬಲ್ಲೆ. ಆದರೂ ಈ ಸಂಚಿಕೆಯ ಸಂಪಾದಕರು ‘ನಿನಗೆ ಕಂಡುದನ್ನು ಬರೆ’ ಎಂದು ಅಪ್ಪಣೆ ಕೊಟ್ಟುದರಿಂದ, ಯಂತ್ರಕ್ಕಿಂತ ಹೆಚ್ಚಾಗಿ ಯಂತ್ರದ ಮುಂದೆ ಕುಳಿತ ಮನುಷ್ಯನ ವಿಚಾರವನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇನೆ.

ಎರಡು ವರ್ಷಗಳಿಂದ ನಾನು ಮಧ್ಯಾಹ್ನದ ತರಗತಿಗಳು ಮುಗಿದ ಮೇಲೆ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ ಸಹಾಯಕನಾಗಿ ಕೆಲಸಮಾಡುತ್ತಿದ್ದೇನೆ. ಮನೆಯ ಪರಿಸ್ಥಿತಿ ಹಾಗಿದೆ. ಅದರ ವರ್ಣನೆ ಇಲ್ಲಿ ಅನಾವಶ್ಯಕ. ಮಂಡಿಯ ಹಿರಿಯ ಗುಮಾಸ್ತರನ್ನು ನಾವೆಲ್ಲ ರಾಯರು ಎಂದೇ ಕರೆಯುತ್ತೇವೆ. ರಾಯರು ೧೯೮೫ರಲ್ಲಿ ಆ ಗದ್ದಿಗೆಯ ಮೇಲೆ ಕುಳಿತಾಗ ಮುಂದಿದ್ದುದು ಕೆಂಪು ಬಟ್ಟೆಯ ಕಿರ್ದಿ ಮತ್ತು ಖಾತೆ ಪುಸ್ತಕ. ೧೯೯೮ರಲ್ಲಿ ಯಜಮಾನರು ಒಂದು ಗಣಕಯಂತ್ರವನ್ನೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನೂ ತಂದಿಟ್ಟರು. ಬೆಂಗಳೂರಿನಲ್ಲಿ ೧೯೮೬ರಲ್ಲಿ ಪ್ರಾರಂಭವಾದ ಸಂಸ್ಥೆಯೊಂದು ಸಿದ್ಧಪಡಿಸಿದ ಈ ತಂತ್ರಾಂಶವನ್ನು ಕಾಣದ ಅಂಗಡಿ ನಮ್ಮ ಪೇಟೆಯಲ್ಲಿ ದುರ್ಲಭ. ರಾಯರು ಅದನ್ನು ಮೂರು ತಿಂಗಳಲ್ಲಿ ಕಲಿತರಂತೆ. ನಾನು ನೋಡುವ ವೇಳೆಗೆ ಅವರು ಪರದೆಯನ್ನೇ ನೋಡುತ್ತಿರಲಿಲ್ಲ. ಎದುರಿಗೆ ಕುಳಿತ ಬೆಳೆಗಾರನೊಡನೆ ಮಳೆಯ ವಿಚಾರವನ್ನೋ ಕೊಳೆರೋಗದ ವಿಚಾರವನ್ನೋ ಮಾತನಾಡುತ್ತಲೇ, ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಮುಂಗಡ ಕಳೆದು ಸಲ್ಲತಕ್ಕದ್ದೆಷ್ಟು ಎಂಬುದನ್ನೆಲ್ಲ ಬೆರಳುಗಳು ತಾವಾಗಿಯೇ ಬರೆದು ಮುಗಿಸುತ್ತಿದ್ದುವು. ಇಲಿಯಾಕಾರದ ಆ ಮೌಸ್ ಎಂಬ ಸಾಧನವು ಅವರ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು.

೨೦೨೪ರ ಜನವರಿಯಲ್ಲಿ ಯಜಮಾನರು ಲೆಕ್ಕವನ್ನೆಲ್ಲ ಬ್ರೌಸರಿನೊಳಗೆ ನಡೆಯುವ ಹೊಸ ತಂತ್ರಾಂಶವೊಂದಕ್ಕೆ ಬದಲಾಯಿಸಿದರು. ಬ್ರೌಸರ್ ಎಂದರೆ ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಕಿಟಕಿಯೆಂದು ಎಲ್ಲರೂ ಬಲ್ಲರು. ಈ ಬದಲಾವಣೆ ತಪ್ಪೆಂದು ನಾನು ಹೇಳುವುದಿಲ್ಲ. ಯಜಮಾನರಿಗೆ ಎರಡು ಊರುಗಳಲ್ಲಿ ಅಂಗಡಿಗಳಿವೆ. ಎರಡರ ಲೆಕ್ಕವೂ ಒಂದೆಡೆ ಕಾಣಬೇಕು. ಪ್ರತಿಯೊಂದು ಯಂತ್ರದಲ್ಲಿಯೂ ತಂತ್ರಾಂಶವನ್ನು ಬೇರೆಬೇರೆಯಾಗಿ ಕೂಡಿಸುವ ತೊಂದರೆಯಿಲ್ಲ. ಯಂತ್ರ ಸುಟ್ಟುಹೋದರೂ ಲೆಕ್ಕ ಉಳಿಯುತ್ತದೆ. ಮಲೆನಾಡಿನ ಗುಡುಗು ಮಿಂಚುಗಳನ್ನು ಬಲ್ಲವರಿಗೆ ಇದೇನೂ ಸಣ್ಣ ಮಾತಲ್ಲ. ಅಲ್ಲದೆ ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಬಂದಂದಿನಿಂದ ತೆರಿಗೆಯ ವ್ಯವಹಾರವೆಲ್ಲ ಹೇಗೂ ಬ್ರೌಸರಿನಲ್ಲಿಯೇ ನಡೆಯುತ್ತಿದೆ. ಅಮೆರಿಕದಲ್ಲಿ ಸೇಲ್ಸ್‌ಫೋರ್ಸ್ ಎಂಬ ಕಂಪನಿಯು ೧೯೯೯ರಲ್ಲಿಯೇ ವ್ಯಾಪಾರದ ತಂತ್ರಾಂಶವನ್ನು ಬ್ರೌಸರಿನ ಮೂಲಕ ಒದಗಿಸಲು ಹೊರಟಿತು. ಆ ಪ್ರವಾಹ ನಮ್ಮ ಪೇಟೆಬೀದಿಗೆ ಇಪ್ಪತ್ತೈದು ವರ್ಷ ತಡವಾಗಿ ಬಂದಿತೆನ್ನಬಹುದು, ಅಷ್ಟೆ.

ನನ್ನ ಆಕ್ಷೇಪಣೆ ಬದಲಾವಣೆಯ ಮೇಲಲ್ಲ, ಅದನ್ನು ತಂದ ರೀತಿಯ ಮೇಲೆ. ಜನವರಿಯೆಂದರೆ ಅಡಿಕೆ ಸುಗ್ಗಿಯ ನಡುಮಧ್ಯ. ಬಾಗಿಲಲ್ಲಿ ಚೀಲಗಳ ಸಾಲು ನಿಂತಿರುವಾಗ, ಮಾರಾಟಗಾರರ ಕಡೆಯ ತರುಣನೊಬ್ಬನು ಒಂದು ದಿನ ಬಂದು, ಗೋಡೆಯ ಮೇಲೆ ಚಿತ್ರಗಳನ್ನು ಬೀಳಿಸಿ, ‘ಇದು ವಾಟ್ಸಾಪಿನಷ್ಟೇ ಸುಲಭ’ ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊರಟುಹೋದನು. ಮರುದಿನ ಬೆಳಿಗ್ಗೆ ಹಳೆಯ ತಂತ್ರಾಂಶವನ್ನು ಯಂತ್ರದಿಂದ ತೆಗೆದುಹಾಕಲಾಗಿತ್ತು.

ಆ ತರುಣನಿಗೆ ತಿಳಿಯದಿದ್ದ ಸಂಗತಿಯೊಂದಿದೆ. ಅದನ್ನು ನಾನೂ ಆಗ ಅರಿತಿರಲಿಲ್ಲ. ಸ್ವಲ್ಪ ವಿವರವಾಗಿಯೇ ಹೇಳಬೇಕು. ಟ್ಯಾಲಿಯಲ್ಲಿ ಕೀಲಿಮಣೆಯ ಮೇಲುಸಾಲಿನ ಕೀಲಿಗಳಿಗೆ ಒಂದೊಂದು ಕಾರ್ಯ ನಿಯತವಾಗಿದೆ. ಎಫ್-೫ ಒತ್ತಿದರೆ ಪಾವತಿ, ಎಫ್-೬ ಜಮೆಯ ರಶೀದಿ, ಎಫ್-೭ ಜರ್ನಲ್, ಎಫ್-೮ ಮಾರಾಟ, ಎಫ್-೯ ಖರೀದಿ. ಬರೆದುದನ್ನು ಸ್ವೀಕರಿಸು ಎನ್ನಲು ಕಂಟ್ರೋಲ್ ಮತ್ತು ಎ. ಒಂದು ಮನೆಯಿಂದ ಮುಂದಿನ ಮನೆಗೆ ಹೋಗಲು ಎಂಟರ್. ಬ್ರೌಸರಿನಲ್ಲಿಯೂ ಇವೇ ಕೀಲಿಗಳಿಗೆ ಕಾರ್ಯಗಳುಂಟು, ಆದರೆ ಬೇರೆ ಕಾರ್ಯಗಳು. ಎಫ್-೫ ಪುಟವನ್ನು ಮತ್ತೆ ತರಿಸುತ್ತದೆ. ಎಫ್-೬ ಮೇಲಿನ ವಿಳಾಸದ ಪಟ್ಟಿಗೆ ಹಾರಿಸುತ್ತದೆ. ಎಫ್-೭ ನಮಗೆ ಅರ್ಥವಾಗದ ಪ್ರಶ್ನೆಯೊಂದನ್ನು ಕೇಳುತ್ತದೆ. ಎಫ್-೧೨ ಒತ್ತಿದರಂತೂ ಪುಟವನ್ನು ಬರೆದವರು ಮಾತ್ರ ನೋಡತಕ್ಕ ಕರುಳು ಪಿತ್ತಕೋಶಗಳೆಲ್ಲ ಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಕಂಟ್ರೋಲ್ ಮತ್ತು ಎ ಒತ್ತಿದರೆ ಪುಟವೆಲ್ಲ ನೀಲಿಯಾಗುತ್ತದೆ. ಎಂಟರ್ ಒತ್ತಿದರೆ, ಅರ್ಧ ಬರೆದ ಕಾಗದವು ಅನೇಕ ವೇಳೆ ಹಾಗೆಯೇ ರವಾನೆಯಾಗಿಬಿಡುತ್ತದೆ.

ಇದರಲ್ಲಿ ಬ್ರೌಸರಿನ ದೋಷವೇನೂ ಇಲ್ಲ. ಟಿಮ್ ಬರ್ನರ್ಸ್-ಲೀಯವರು ೧೯೯೦ರಲ್ಲಿ ಸ್ವಿಟ್ಸರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಮೊದಲ ಬ್ರೌಸರನ್ನು ಬರೆದಾಗ ಅವರ ಮನಸ್ಸಿನಲ್ಲಿದ್ದುದು ವಿಜ್ಞಾನಿಗಳ ಬರಹಗಳೇ ಹೊರತು ಅಡಿಕೆಯ ತೂಕದ ಚೀಟಿಗಳಲ್ಲ. ಅದು ಮೂಲತಃ ವಾಚನಾಲಯ. ಹಿಂದಕ್ಕೆ ಹೋಗು, ಮತ್ತೆ ತೋರಿಸು, ಬೇರೆ ಪುಟ ತೆಗೆ ಎಂಬ ಅದರ ಕೀಲಿಗಳೆಲ್ಲ ಓದುವವನಿಗಾಗಿ ಇಟ್ಟಂಥವು. ನಾವೀಗ ಆ ವಾಚನಾಲಯದಲ್ಲಿ ತಕ್ಕಡಿ ಹೂಡಿ ವ್ಯಾಪಾರಕ್ಕೆ ಕುಳಿತಿದ್ದೇವೆ. ಈ ತೊಡಕು ಬ್ರೌಸರ್ ಮಾಡುವವರಿಗೂ ತಿಳಿಯದೆ ಇಲ್ಲ. ಹಿಂದೆ ಕ್ರೋಮ್ ಬ್ರೌಸರಿನಲ್ಲಿ ಅಕ್ಷರ ಅಳಿಸುವ ಬ್ಯಾಕ್‌ಸ್ಪೇಸ್ ಕೀಲಿಯನ್ನು ಅಕಸ್ಮಾತ್ತಾಗಿ ಬರೆಯುವ ಮನೆಯ ಹೊರಗೆ ಒತ್ತಿದರೆ ಇಡೀ ಪುಟವೇ ಹಿಂದಕ್ಕೆ ಓಡುತ್ತಿತ್ತು. ತುಂಬಿದ ಅರ್ಜಿಗಳು ಹೀಗೆ ಮಾಯವಾಗುತ್ತಿವೆಯೆಂದು ೨೦೧೬ರಲ್ಲಿ ಅದನ್ನು ತೆಗೆದುಹಾಕಿದರು.

ಇನ್ನು ನಡೆದ ಸಂಗತಿಗೆ ಬರುತ್ತೇನೆ. ಹೊಸ ವ್ಯವಸ್ಥೆ ಬಂದ ಎರಡನೆಯ ವಾರ ಬೆಳೆಗಾರರೊಬ್ಬರು ತಮ್ಮ ಮುಂಗಡದ ಬಾಬ್ತು ೧೮,೪೦೦ ರೂಪಾಯಿಗಳನ್ನು ನಗದಾಗಿ ಕಟ್ಟಿದರು. ರಾಯರು ಮೌಸನ್ನು ಹಿಡಿದು, ಹುಡುಕಿ ಹುಡುಕಿ ಆ ಜಮೆಯನ್ನು ಬರೆದು ಮುಗಿಸಿದರು. ಮುಂದಿನವರಿಗೆ ಹಣ ಕೊಡಬೇಕಾಗಿತ್ತು. ಪಾವತಿಯೆಂದರೆ ಎಫ್-೫, ಇಪ್ಪತ್ತಾರು ವರ್ಷಗಳ ಅಭ್ಯಾಸದಂತೆ ಬೆರಳು ಅಲ್ಲಿಗೇ ಹೋಯಿತು. ಬ್ರೌಸರ್ ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು. ರಾಯರು ಎಂಟರ್ ಒತ್ತಿದರು. ಅದು ಕೇಳಿದ್ದು, ಹಿಂದೆ ಕಳುಹಿಸಿದ ಕಾಗದವನ್ನೇ ಮತ್ತೊಮ್ಮೆ ಕಳುಹಿಸಲೇ ಎಂದು. ಅವರು ಹೂಂ ಎಂದಂತಾಯಿತು. ೧೮,೪೦೦ ರೂಪಾಯಿ ಎರಡು ಸಲ ಜಮೆಯಾಯಿತು.

ಸಂಜೆ ತಿಜೋರಿಯ ಹಣ ಎಣಿಸಿದಾಗ, ಲೆಕ್ಕದಲ್ಲಿರುವುದಕ್ಕಿಂತ ೧೮,೪೦೦ ಕಡಿಮೆ. ಮೂರು ಸಲ ಎಣಿಸಿದೆವು. ಯಜಮಾನರು ಒಂದು ಮಾತನ್ನೂ ಆಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವರ ಅಣ್ಣನ ಮಗ ಬಂದು ತಿಜೋರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತನು. ರಾಯರು ಅವನನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಎರಡು ದಿನ ಬರಲಿಲ್ಲ. ಮೂವತ್ತೊಂಬತ್ತು ವರ್ಷ ಪರರ ಹಣವನ್ನು ಎಣಿಸಿದ ಮನುಷ್ಯನ ಕಡೆಗೆ ಒಂದು ಕುರ್ಚಿಯನ್ನು ತಿರುಗಿಸಿ ಹಾಕಿದರೆ ಏನಾಗುತ್ತದೆಂಬುದನ್ನು ನಾನು ಅಂದು ಕಂಡೆ.

ಎರಡನೆಯ ದಿನ ನಾನು ಜಮೆಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದೇ ಹೆಸರು, ಒಂದೇ ಮೊತ್ತ, ಅಕ್ಕಪಕ್ಕದ ಕ್ರಮಸಂಖ್ಯೆಗಳು, ಎರಡರ ನಡುವೆ ಒಂದು ನಿಮಿಷವೂ ಇಲ್ಲ. ನನಗಾದ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು. ಏಕೆಂದರೆ, ಒಂದೇ ಕಾಗದ ಎರಡು ಸಲ ಬಾರದಂತೆ ತಡೆಯುವ ವಿಧಾನ ತಂತ್ರಾಂಶ ಬರೆಯುವವರಿಗೆ ಬಹುಕಾಲದಿಂದ ಗೊತ್ತಿದೆ. ಕಾಗದವನ್ನು ಸ್ವೀಕರಿಸಿದ ಕೂಡಲೇ ಬ್ರೌಸರನ್ನು ಬೇರೊಂದು ಪುಟಕ್ಕೆ ಕಳುಹಿಸಿಬಿಟ್ಟರೆ, ಅನಂತರ ಎಫ್-೫ನ್ನು ನೂರು ಸಲ ಒತ್ತಿದರೂ ಆ ಹೊಸ ಪುಟವೇ ಮತ್ತೆ ಬರುತ್ತದೆಯೇ ಹೊರತು ಹಣ ಮತ್ತೆ ಜಮೆಯಾಗುವುದಿಲ್ಲ. ಅದನ್ನು ಮಾಡದೆ ಬಿಟ್ಟವರು ಯಾರೋ. ತಲೆ ತಗ್ಗಿಸಿ ಮನೆಗೆ ಹೋದವರು ರಾಯರು.

‘ವಯಸ್ಸಾದವರು ಹೊಸದನ್ನು ಕಲಿಯರು’ ಎಂಬ ಮಾತು ಈಗ ಎಲ್ಲ ಕಚೇರಿಗಳಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಶುದ್ಧ ತಪ್ಪೆಂಬುದು ನನ್ನ ಅಭಿಮತ. ರಾಯರು ಕಿರ್ದಿಯನ್ನು ಬಿಟ್ಟು ಗಣಕಕ್ಕೆ ಬಂದವರೇ ಅಲ್ಲವೆ? ಅಂದಿನದು ಇಂದಿನದಕ್ಕಿಂತ ದೊಡ್ಡ ಜಿಗಿತ. ಕಲಿಯದವರಿಗೆ ಇಲ್ಲದ ಕಷ್ಟವೊಂದು ಕಲಿತವರಿಗೆ ಉಂಟು. ಕೈ ಮೊದಲೇ ಒಂದನ್ನು ಬಲ್ಲುದರಿಂದ ಅದು ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ. ಹಾರ್ಮೋನಿಯಂ ನುಡಿಸುವವನ ಮುಂದೆ ಮನೆಗಳನ್ನು ಅದಲುಬದಲು ಮಾಡಿಟ್ಟ ಹಾರ್ಮೋನಿಯಂ ಇಟ್ಟರೆ, ಅವನು ಏನೂ ಬಾರದವನಿಗಿಂತ ಹೆಚ್ಚು ತಪ್ಪುಮಾಡುವನು. ನನಗೆ ಹೊಸ ತಂತ್ರಾಂಶ ಎರಡು ದಿನದಲ್ಲಿ ಬಂದಿತು. ನಾನು ಬುದ್ಧಿವಂತನೆಂದಲ್ಲ; ನನ್ನ ಬೆರಳುಗಳಿಗೆ ಮರೆಯತಕ್ಕದ್ದೇನೂ ಇರಲಿಲ್ಲ.

ಆದುದರಿಂದ ಇಂಥ ಬದಲಾವಣೆಯಲ್ಲಿ ಪಾಠವು ಪರದೆಯಿಂದ ಪ್ರಾರಂಭವಾಗಬಾರದು, ಕಲಿಯುವವನ ಕೈಯಿಂದ ಪ್ರಾರಂಭವಾಗಬೇಕು. ‘ಇದು ಮೆನು, ಇದು ಗುಂಡಿ’ ಎಂದು ಮನೆ ತೋರಿಸುವವರಂತೆ ಸುತ್ತಿಸಿ ಪ್ರಯೋಜನವಿಲ್ಲ. ‘ತಾವು ಬೆಳಿಗ್ಗೆ ಬಂದು ಮೊದಲು ಮಾಡುವ ಕೆಲಸ ಯಾವುದು? ಅದಕ್ಕೆ ಯಾವ ಕೀಲಿ ಒತ್ತುತ್ತಿದ್ದಿರಿ?’ ಎಂದು ಕೇಳಿ, ಅಲ್ಲಿಂದ ಹಿಡಿಯಬೇಕು.

ಯಜಮಾನರು ತಾವೇ ರಾಯರ ಮನೆಗೆ ಹೋಗಿ ಅವರನ್ನು ಕರೆತಂದ ಮೇಲೆ (ಈ ಒಂದು ಕಾರ್ಯಕ್ಕಾಗಿ ಅವರ ಮೇಲೆ ನನಗೆ ಗೌರವ ಉಳಿದಿದೆ) ನಾವಿಬ್ಬರೂ ಮಾಡಿದ್ದು ಇಷ್ಟೆ. ಒಂದು ರಟ್ಟಿನ ಮೇಲೆ ಎಡಗಡೆ ಅವರು ಬಲ್ಲ ಕೀಲಿ, ಬಲಗಡೆ ಅದೇ ಕೆಲಸಕ್ಕೆ ಹೊಸದರಲ್ಲಿ ಏನು ಮಾಡಬೇಕೆಂಬುದು. ಮೊದಲ ವಾರ ಮೂರೇ ಕೆಲಸ: ಜಮೆ, ಪಾವತಿ, ಖರೀದಿ. ಮಿಕ್ಕದ್ದು ನನ್ನ ಪಾಲು. ಆ ತಂತ್ರಾಂಶದಲ್ಲಿಯೇ ಸುಳ್ಳು ಹೆಸರಿನ ಒಂದು ಅಂಗಡಿಯನ್ನು ತೆರೆದು, ಅದರಲ್ಲಿ ರಾಯರು ಮನಸ್ಸಿಗೆ ಬಂದಂತೆ ತಪ್ಪು ಮಾಡುವ ಸ್ವಾತಂತ್ರ್ಯ ಕೊಟ್ಟೆವು. ಇದರಷ್ಟು ಉಪಕಾರವಾದುದು ಬೇರೊಂದಿಲ್ಲ. ಪರರ ಹಣದ ಲೆಕ್ಕ ಬರೆಯುವವನು ಹೆದರಿಕೆಯಿಂದ ಕಲಿಯಲಾರ. ಹಣವಿಲ್ಲದ ಅಂಗಡಿಯಲ್ಲಿ ಅವರು ಬ್ರೌಸರಿನ ಹಿಂದಿನ ಬಾಣವನ್ನೂ ಎಫ್-೫ನ್ನೂ ಬೇಕೆಂದೇ ಒತ್ತಿ, ಏನಾಗುತ್ತದೆಂದು ನೋಡಿ, ಒಂದು ದಿನ ನಕ್ಕರು ಕೂಡ.

ಮಿಕ್ಕವು ಸಣ್ಣ ಸಂಗತಿಗಳು. ಅಕ್ಷರ ಚಿಕ್ಕದೆಂದು ಅವರು ಪರದೆಗೆ ಮೂಗು ತಾಗಿಸುತ್ತಿದ್ದರು. ಕಂಟ್ರೋಲ್ ಹಿಡಿದು ಕೂಡುವ ಚಿಹ್ನೆ ಒತ್ತಿದರೆ ಅಕ್ಷರ ದೊಡ್ಡದಾಗುವುದೆಂದು ಆ ತರುಣನು ಹೇಳಿರಲೇ ಇಲ್ಲ. ಪ್ರತಿದಿನವೂ ವಿಳಾಸವನ್ನು ಟೈಪು ಮಾಡುವಾಗ ಒಂದಕ್ಷರ ತಪ್ಪಿ ಎಲ್ಲೋ ಜಾಹೀರಾತಿನ ಪುಟಕ್ಕೆ ಹೋಗುತ್ತಿದ್ದುದನ್ನು, ಒಂದು ಗುರುತಿನ ಚಿತ್ರವನ್ನು ಪರದೆಯ ಮೇಲಿಟ್ಟು ತಪ್ಪಿಸಿದೆವು. ಹಳೆಯ ತಂತ್ರಾಂಶವನ್ನೂ ಮತ್ತೆ ಕೂಡಿಸಿದೆವು, ಆದರೆ ಹಳೆಯ ಬಾಕಿಗಳನ್ನು ನೋಡುವುದಕ್ಕೆ ಮಾತ್ರ. ಎರಡರಲ್ಲಿಯೂ ಒಟ್ಟಿಗೆ ಬರೆಯಿರಿ ಎಂದು ಕೆಲವರು ಸಲಹೆ ಮಾಡುತ್ತಾರೆ. ಅದು ಎರಡು ಪಟ್ಟು ಕೆಲಸ ಮತ್ತು ಎರಡು ಪಟ್ಟು ತಪ್ಪು, ನಾನು ಒಪ್ಪಲಾರೆ.

ಭಾಷೆಯ ವಿಚಾರವನ್ನು ಇಲ್ಲಿ ಹೇಳದಿದ್ದರೆ ಲೇಖನ ಪೂರ್ಣವಾಗದು. ಹೊಸ ತಂತ್ರಾಂಶದಲ್ಲಿ ಕನ್ನಡವೂ ಉಂಟೆಂದು ಮಾರಾಟಗಾರರು ಹೆಮ್ಮೆಯಿಂದ ಹೇಳಿದ್ದರು. ಉಂಟು, ನಿಜ. ಊಟಕ್ಕೆ ಹೋಗಿಬಂದು ಕುಳಿತರೆ ಪರದೆಯ ಮೇಲೆ ‘ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ’ ಎಂದು ಬರುತ್ತಿತ್ತು. ವಿಧಾನಸಭೆಯವರಿಗೆ ಹೋಗಬೇಕಾದ ಸಮಾಚಾರ ಅಡಿಕೆ ಮಂಡಿಗೆ ಏಕೆ ಬಂದಿತೆಂದು ನಾವು ಬೆರಗಾದೆವು. ಬಹಳ ಹೊತ್ತು ಕೆಲಸ ಮಾಡದೆ ಬಿಟ್ಟುದರಿಂದ ಭದ್ರತೆಗಾಗಿ ಬಾಗಿಲು ಮುಚ್ಚಿದೆ, ಮತ್ತೆ ಒಳಗೆ ಬನ್ನಿ ಎಂಬುದು ಅದರ ಅರ್ಥ. ಹಾಗೆಯೇ ಬರೆಯಲು ಏನಡ್ಡಿಯಿತ್ತು? ನಿಘಂಟನ್ನು ನೋಡಿ ಭಾಷಾಂತರ ಮಾಡಿದವರು ಮಂಡಿಯ ಮುಖ ನೋಡಿದವರಲ್ಲ. ಇನ್ನೊಂದು ಸಂಕಟ ಅಕ್ಷರಗಳದು. ರಾಯರು ಹಳ್ಳಿಗಳ ಮತ್ತು ಬೆಳೆಗಾರರ ಹೆಸರುಗಳನ್ನು ನುಡಿಯ ಹಳೆಯ ಅಕ್ಷರರೂಪದಲ್ಲಿ ಟೈಪುಮಾಡಿ ಇಟ್ಟಿದ್ದರು. ಅದನ್ನು ಬ್ರೌಸರಿಗೆ ಅಂಟಿಸಿದರೆ ರೋಮನ್ ಅಕ್ಷರಗಳ ಅರ್ಥವಿಲ್ಲದ ಗೊಂಚಲುಗಳು ಬಿದ್ದುವು. ಹಳೆಯ ನುಡಿಯಲ್ಲಿ ಕನ್ನಡದ ರೂಪವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತದೆ. ಬ್ರೌಸರಿಗೆ ತಿಳಿಯುವುದು ಯೂನಿಕೋಡ್ ಮಾತ್ರ. ಪರಿವರ್ತಿಸುವ ಸಾಧನಗಳು ಬೇಕಾದಷ್ಟಿವೆ. ಅರ್ಧ ಗಂಟೆಯ ಕೆಲಸ. ಯಾರೂ ಹೇಳದಿದ್ದುದರಿಂದ ರಾಯರು ಸುಮಾರು ಮುನ್ನೂರು ಹೆಸರುಗಳನ್ನು ಕೈಯಲ್ಲಿ ಮತ್ತೆ ಟೈಪುಮಾಡಲು ತೊಡಗಿದ್ದರು.

ತಂತ್ರಾಂಶದ ಕಂಪನಿಗೆ ನಾವು ನಾಲ್ಕು ಕೋರಿಕೆಗಳ ಪತ್ರವೊಂದನ್ನು ಬರೆದೆವು. ಜಮೆ ಎರಡು ಸಲ ಬೀಳುವುದನ್ನು ಎರಡು ವಾರಗಳಲ್ಲಿ ಸರಿಪಡಿಸಿದರು. ಎಂಟರ್ ಒತ್ತಿದರೆ ಮುಂದಿನ ಮನೆಗೆ ಹೋಗುವಂತೆ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಎಫ್-೫ನ್ನು ಪಾವತಿಗೆ ಬಿಟ್ಟುಕೊಡಿ ಎಂಬ ಕೋರಿಕೆಗೆ ‘ಅದು ಬ್ರೌಸರಿನ ಕೀಲಿ, ಸಾಧ್ಯವಿಲ್ಲ’ ಎಂದು ಉತ್ತರ ಬಂದಿತು. ನನ್ನ ಇಂಜಿನಿಯರಿಂಗ್ ಗೆಳೆಯನನ್ನು ವಿಚಾರಿಸಿದೆ. ಕಂಟ್ರೋಲ್ ಮತ್ತು ಡಬ್ಲ್ಯು ಎಂಬ ಪುಟ ಮುಚ್ಚುವ ಕೀಲಿಯನ್ನು ಬ್ರೌಸರ್ ಸಾಮಾನ್ಯವಾಗಿ ಯಾರಿಗೂ ಬಿಟ್ಟುಕೊಡುವುದಿಲ್ಲವಂತೆ. ಆದರೆ ಎಫ್-೫ನ್ನು ಪುಟವು ಹಿಡಿದು ತನ್ನ ಕೆಲಸಕ್ಕೆ ಬಳಸಬಹುದಂತೆ. ಸಾಧ್ಯವಿಲ್ಲದ್ದು ಬೇರೆ, ಮನಸ್ಸಿಲ್ಲದ್ದು ಬೇರೆ. ನಾಲ್ಕನೆಯದು ‘ಅಧಿವೇಶನ’ದ ವಿಚಾರ, ಅದಿನ್ನೂ ಮುಕ್ತಾಯಗೊಳ್ಳುತ್ತಲೇ ಇದೆ.

ಈ ಮಾತು ಒಂದು ಮಂಡಿಗೆ ಮಾತ್ರ ಸಂಬಂಧಪಟ್ಟುದಲ್ಲ. ಸರ್ಕಾರಿ ಗ್ರಂಥಾಲಯಗಳಿಗಾಗಿ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರಿನವರು ಮಾಡಿರುವ ಇ-ಗ್ರಂಥಾಲಯವು ಮೂರನೆಯ ಆವೃತ್ತಿಯವರೆಗೆ ಯಂತ್ರದಲ್ಲಿ ಕೂಡಿಸತಕ್ಕದ್ದಾಗಿತ್ತು. ನಾಲ್ಕನೆಯದು ಬ್ರೌಸರಿನಲ್ಲಿ ನಡೆಯುತ್ತದೆ. ದಸ್ತಾವೇಜು ನೋಂದಣಿಯ ಕಾವೇರಿ ೨೦೨೩ರಲ್ಲಿ ಹೊಸ ರೂಪದಲ್ಲಿ ಬ್ರೌಸರಿಗೆ ಬಂದಿದೆ. ಅಲ್ಲದೆ ಬ್ರೌಸರಿಗೆ ಬಂದುಬಿಟ್ಟರೆ ಬದಲಾವಣೆ ನಿಂತಿತೆಂದೂ ಅಲ್ಲ. ಎಷ್ಟೋ ಕಚೇರಿಗಳ ಪುಟಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲಿಯೇ ಸರಿಯಾಗಿ ತೆರೆಯುತ್ತಿದ್ದುವು. ಮೈಕ್ರೋಸಾಫ್ಟ್‌ನವರು ೨೦೨೨ರ ಜೂನಿನಲ್ಲಿ ಅದಕ್ಕೇ ವಿದಾಯ ಹೇಳಿದರು. ನೆಚ್ಚಿದ ಗುಂಡಿಯೊಂದು ಒಂದು ಬೆಳಿಗ್ಗೆ ಎಡದಿಂದ ಬಲಕ್ಕೆ ಹೋಗಿರುತ್ತದೆ, ಯಾರೂ ಮುಂಚಿತವಾಗಿ ತಿಳಿಸಿರುವುದಿಲ್ಲ. ಯಂತ್ರದಲ್ಲಿದ್ದ ತಂತ್ರಾಂಶವನ್ನು ನಾವು ಬೇಕಾದಾಗ ಬದಲಾಯಿಸುತ್ತಿದ್ದೆವು. ಬ್ರೌಸರಿನದು ಅವರಿಗೆ ಬೇಕಾದಾಗ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಕೊಳ್ಳುವವರು ಮೊದಲೇ ಯೋಚಿಸಬೇಕು, ಮತ್ತು ಕಲಿಸುವ ವೆಚ್ಚವನ್ನು ಮೊದಲ ದಿನಕ್ಕೆ ಮಾತ್ರವಲ್ಲ, ವರ್ಷವರ್ಷಕ್ಕೂ ಲೆಕ್ಕಹಾಕಬೇಕು.

ಇಂಥ ಕಡೆ ಬೇಕಾಗುವುದು ಇಂಜಿನಿಯರಲ್ಲ. ಹದಿನೈದು ದಿನ ಪಕ್ಕದಲ್ಲಿ ಕುಳಿತುಕೊಳ್ಳುವ ತಾಳ್ಮೆಯಿರುವ, ಮಂಡಿಯ ಮಾತೂ ಪರದೆಯ ಮಾತೂ ತಿಳಿಯುವ ಒಬ್ಬ ಮನುಷ್ಯ. ಕನ್ನಡವನ್ನೂ ಅರ್ಥಶಾಸ್ತ್ರವನ್ನೂ ಓದಿದ ನಾವು ಉದ್ಯೋಗವಿಲ್ಲವೆಂದು ಕೊರಗುತ್ತಿರುವಾಗ, ನಮ್ಮ ಪೇಟೆಯ ಪ್ರತಿಯೊಂದು ಅಂಗಡಿಯಲ್ಲಿಯೂ ಸಹಕಾರ ಸಂಘದಲ್ಲಿಯೂ ಇಂಥ ಒಬ್ಬರಿಗೆ ಕೆಲಸವಿದೆ. ಅದಕ್ಕೆ ಸಂಬಳ ಕೊಡಬೇಕೆಂದು ಮಾಲೀಕರಿಗೆ ಇನ್ನೂ ತೋಚಿಲ್ಲ; ಕೇಳಬೇಕೆಂದು ನಮಗೂ ತೋಚಿಲ್ಲ. ನಾನಂತೂ ಈ ವರ್ಷ ಕೇಳಿದೆ. ತಿಂಗಳಿಗೆ ಸ್ವಲ್ಪ ಹೆಚ್ಚು ಮಾಡಿದ್ದಾರೆ.

ರಾಯರು ಈ ಸುಗ್ಗಿಯಲ್ಲಿಯೂ ಗದ್ದಿಗೆಯ ಮೇಲಿದ್ದಾರೆ. ತಿಜೋರಿಯ ಪಕ್ಕದ ಕುರ್ಚಿಯಲ್ಲಿ ಈಗ ಚೀಲಗಳ ಚೀಟಿಗಳನ್ನು ಇಡುತ್ತೇವೆ. ಬರೆಯುವ ವೇಗ ಹಿಂದಿನದರ ಮುಕ್ಕಾಲು ಪಾಲಿಗೆ ಬಂದಿದೆಯೆಂದು ಅವರೇ ಹೇಳುತ್ತಾರೆ. ಬೆಳೆಗಾರರೊಡನೆ ಮಾತನಾಡುತ್ತ ಬರೆಯುವುದು ಮಾತ್ರ ಇನ್ನೂ ಆಗುತ್ತಿಲ್ಲ. ಕಳೆದ ತಿಂಗಳು ಅವರು ಒಂದು ಚಿಕ್ಕ ಸ್ಕ್ರೂಡ್ರೈವರಿನಿಂದ ಕೀಲಿಮಣೆಯ ಎಫ್-೫ ಗುಂಡಿಯನ್ನು ಎಬ್ಬಿಸಿ ತೆಗೆದರು. ಅದು ಈಗ ಮೇಜಿನ ಖಾನೆಯಲ್ಲಿ, ರೆವಿನ್ಯೂ ಸ್ಟಾಂಪುಗಳ ಡಬ್ಬಿಯಲ್ಲಿದೆ.